ಟೂರಿಂಗ್ ಕಾರ್ ಚಾಂಪಿಯನ್ ಫಾರಿನ್‌ಗೆ ಹೋಗಬೇಕಾ? ಬಳ್ಳಾರಿ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಭಾಗದ ಹುಡುಗನೊಬ್ಬ ಚೆನ್ನೈ, ಕೊಯಮತ್ತೂರಿನ ಟ್ರ್ಯಾಕ್‌ಗಳಲ್ಲಿ ಟೂರಿಂಗ್ ಕಾರ್ ಓಡಿಸಿ ಚಾಂಪಿಯನ್ ಆದರೆ ಊರಿನವರು ಮೊದಲು ಹೇಳುವ ಮಾತು ಒಂದೇ: 'ಇನ್ನೇನು, ಫಾರಿನ್‌ಗೆ ಹೋಗು.' ಹುಡುಗನ ತಲೆಯಲ್ಲೂ ಅದೇ ಓಡುತ್ತಿರುತ್ತದೆ. ಅಪ್ಪನ ತಲೆಯಲ್ಲಿ ಮಾತ್ರ ದುಡ್ಡಿನ ಲೆಕ್ಕ. ರೇಸ್ ಕಾರುಗಳ ಕೆಲಸ ಮಾಡುವವನು ಅಂತ ಬಳ್ಳಾರಿ, ಹೊಸಪೇಟೆ, ಕೊಪ್ಪಳ, ರಾಯಚೂರಿನವರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಆದಷ್ಟು ಕೇಳಿದವರ ಮಾತಿನಲ್ಲೇ ಕೊಟ್ಟಿದ್ದೇನೆ.

ಸುತ್ತಿ ಬಳಸಿ ಬೇಡ. ಹೋಗಬೇಕಾ, ಬೇಡವಾ?

ಹೋಗಲಿ. ಆದರೆ ಮೊದಲು ಸೀಟು, ಆಮೇಲೆ ಟಿಕೆಟ್. ಯಾವ ಟೀಮ್, ಯಾವ ಕಾರು, ಎಷ್ಟು ರೇಸ್, ಎಷ್ಟು ದುಡ್ಡು, ಇಷ್ಟೂ ಕಾಗದದ ಮೇಲೆ ಬರುವ ತನಕ ಇಲ್ಲಿನ ಸೀಟು ಬಿಡಬಾರದು. ಮೊದಲ ವರ್ಷ ಏಷ್ಯಾದಲ್ಲಿ ಒಂದೆರಡು ರೇಸ್ ಮಾಡಲಿ. ಇಲ್ಲಿನ ಚಾಂಪಿಯನ್‌ಶಿಪ್ಪೂ ಜೊತೆಗೆ ನಡೆಯಲಿ. ಎಲ್ಲ ಬಿಟ್ಟು ಒಮ್ಮೆಗೇ ಹಾರುವುದು ನನಗೆ ಸರಿ ಕಾಣುವುದಿಲ್ಲ.

ಟೂರಿಂಗ್ ಕಾರ್ ಅಂದರೆ ಟೂರಿಸ್ಟ್ ಕಾರಾ?

ಅಲ್ಲ. ರಸ್ತೆಯಲ್ಲಿ ಓಡುವ ಪೋಲೋ, ಹೋಂಡಾ ಸಿಟಿ ಥರದ ಕಾರನ್ನೇ ಬಿಚ್ಚಿ, ಒಳಗೆ ರೋಲ್ ಕೇಜ್ (ಕಾರು ಮಗುಚಿದರೂ ಚಾಲಕನನ್ನು ಕಾಯುವ ಉಕ್ಕಿನ ಪೈಪಿನ ಚೌಕಟ್ಟು) ಹಾಕಿ, ಎಂಜಿನ್, ಸಸ್ಪೆನ್ಷನ್ ಬದಲಿಸಿ ರೇಸಿಗೆ ತಯಾರು ಮಾಡಿದ್ದು. ಫಾರ್ಮುಲಾ ಕಾರಿನ ಹಾಗೆ ತೆರೆದ ಚಕ್ರ ಇರುವುದಿಲ್ಲ. ಸ್ವಲ್ಪ ಮೈಕೈ ತಾಗಿದರೂ ಓಟ ಮುಂದುವರಿಯುತ್ತದೆ. ನೋಡೋಕೆ ಮಜಾ ಇರುವುದೂ ಅದಕ್ಕೇ.

ಇಲ್ಲಿ ಚಾಂಪಿಯನ್ ಆದವನಿಗೆ ಅಲ್ಲಿ ಕಲಿಯೋಕೆ ಇನ್ನೇನಿದೆ?

ಬಹಳ ಇದೆ. ನಮ್ಮ ಹುಡುಗರಿಗೆ ಇದು ಬೇಜಾರಿನ ಉತ್ತರ, ಆದರೂ ಹೇಳಲೇಬೇಕು.

ಮೊದಲು ಕಾರಿನ ವಿಷಯ. ಇಂಡಿಯನ್ ಟೂರಿಂಗ್ ಕಾರ್ ಕ್ಲಾಸ್‌ನಲ್ಲಿ ಓಡುವುದು 1600 ಸಿಸಿ ಆಸುಪಾಸಿನ ಕಾರುಗಳು. ಹೊರಗೆ ಹೆಚ್ಚಿನ ಕಡೆ ಈಗ ಟಿಸಿಆರ್ ನಿಯಮ. ಎರಡು ಲೀಟರ್ ಟರ್ಬೊ ಎಂಜಿನ್, ಮುಂದಿನ ಚಕ್ರಕ್ಕೆ ಮಾತ್ರ ಶಕ್ತಿ, ಸುಮಾರು 350 ಅಶ್ವಶಕ್ತಿ. ಅಷ್ಟು ಶಕ್ತಿ ಮುಂದಿನ ಎರಡು ಟೈರಿನ ಮೇಲೆ ಬಿದ್ದಾಗ ಆಕ್ಸಿಲರೇಟರ್ ಒತ್ತುವುದೇ ಒಂದು ವಿದ್ಯೆ. ತಿರುವಿನ ಮಧ್ಯದಲ್ಲಿ ಬೇಗ ಒತ್ತಿದರೆ ಮೂತಿ ಹೊರಗೆ ಜಾರುತ್ತದೆ, ಟೈರ್ ಸುಟ್ಟುಹೋಗುತ್ತದೆ. ಹತ್ತು ಲ್ಯಾಪ್ ಆಗುವಷ್ಟರಲ್ಲಿ ಹಿಂದಿನವನು ಪಕ್ಕಕ್ಕೆ ಬಂದಿರುತ್ತಾನೆ.

ಇನ್ನೊಂದು ಸಮಸ್ಯೆ ಹಿಂದಿನ ಟೈರಿನದು. ಮುಂದಿನ ಚಕ್ರದಲ್ಲಿ ಓಡುವ ರೇಸ್ ಕಾರಿನ ಹಿಂದಿನ ಟೈರಿಗೆ ಕೆಲಸ ಕಡಿಮೆ, ಹಾಗಾಗಿ ಅದು ಬಿಸಿಯಾಗುವುದು ನಿಧಾನ. ನಮ್ಮ ಚೆನ್ನೈ ಬಿಸಿಲಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಏಪ್ರಿಲ್ ತಿಂಗಳ ಇಂಗ್ಲೆಂಡ್ ಚಳಿಯಲ್ಲಿ ಮೊದಲ ಎರಡು ಲ್ಯಾಪ್ ಹಿಂಭಾಗ ಯಾವಾಗ ಜಾರುತ್ತದೋ ಹೇಳೋಕಾಗಲ್ಲ. ಅಲ್ಲಿನವರು ಆ ಎರಡು ಲ್ಯಾಪ್‌ನಲ್ಲೇ ಮೂರು ಜಾಗ ಕಸಿದುಕೊಳ್ಳುತ್ತಾರೆ.

ಟಿಸಿಆರ್ ಕಾರುಗಳಲ್ಲಿ ಸ್ಟೀರಿಂಗ್ ಸಾಮಾನ್ಯವಾಗಿ ಎಡಗಡೆ ಇರುತ್ತದೆ. ಗೇರ್ ಸ್ಟೀರಿಂಗ್ ಹಿಂದಿನ ಪ್ಯಾಡಲ್‌ನಲ್ಲೇ ಇರುವುದರಿಂದ ಕೈಗೆ ತೊಂದರೆ ಇಲ್ಲ, ಆದರೆ ಕಣ್ಣಿಗೆ ಇದೆ. ಬಲಗಡೆ ಕೂತು ಅಭ್ಯಾಸ ಆದವನಿಗೆ ಬಲ ತಿರುವಿನ ಒಳ ಅಂಚು ಎಲ್ಲಿದೆ ಅನ್ನುವ ಅಂದಾಜೇ ತಪ್ಪುತ್ತದೆ.

ಎಲ್ಲಕ್ಕಿಂತ ದೊಡ್ಡದು ಗುಂಪು. ನಮ್ಮಲ್ಲಿ ಮುಂದೆ ಇರುವ ಮೂರು ನಾಲ್ಕು ಜನ ಯಾರು, ಯಾರು ಎಲ್ಲಿ ಬ್ರೇಕ್ ಹಾಕುತ್ತಾರೆ ಅಂತ ಎಲ್ಲರಿಗೂ ಬಾಯಿಪಾಠ. ಬ್ರಿಟಿಷ್ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಾರು, ಒಂದೇ ಭಾನುವಾರ ಮೂರು ರೇಸ್, ವರ್ಷಕ್ಕೆ ಹತ್ತು ವಾರಾಂತ್ಯ. ಮೂರನೇ ರೇಸಿಗೆ ಮುಂದಿದ್ದವರನ್ನು ಹಿಂದೆ ಕೂರಿಸಿ ಗ್ರಿಡ್, ಅಂದರೆ ಕಾರುಗಳು ಹೊರಡುವ ಸಾಲು, ತಿರುಗಿಸುತ್ತಾರೆ. ಗೆದ್ದವನೂ ನಡುಗುಂಪಿನಲ್ಲಿ ಹೊಡೆದಾಡಿಯೇ ಮುಂದೆ ಬರಬೇಕು. ನಮ್ಮ ಚಾಂಪಿಯನ್‌ಗೆ ಮುಂದೆ ಓಡುವುದು ಗೊತ್ತು. ಎಂಟನೇ ಜಾಗದಲ್ಲಿ ನಾಲ್ಕೂ ಕಡೆ ಕಾರಿರುವಾಗ ಹೇಗೆ ಓಡಬೇಕು ಅನ್ನುವುದನ್ನು ಇಲ್ಲಿ ಯಾರೂ ಕಲಿಸಿರುವುದಿಲ್ಲ.

ಹೀಗೆ ತನ್ನ ದೇಶದಲ್ಲಿ ಗೆದ್ದು ಹೊರಗೆ ಹೋಗಿ ದೊಡ್ಡವರಾದವರು ಯಾರಾದರೂ ಇದ್ದಾರಾ?

ಇದ್ದಾರೆ. ಆಸ್ಟ್ರೇಲಿಯಾದ ದೊಡ್ಡ ಟೂರಿಂಗ್ ಕಾರ್ ಸರಣಿಯಾದ ಸೂಪರ್‌ಕಾರ್ಸ್ ಚಾಂಪಿಯನ್‌ಶಿಪ್ ನೋಡಿ. ಅಲ್ಲಿ ಗೆದ್ದು ಅಮೆರಿಕಕ್ಕೆ ಹೋದ ಮೂವರ ಕತೆ ತಿಳಿದರೆ ಅರ್ಧ ಪ್ರಶ್ನೆಗಳು ಮುಗಿಯುತ್ತವೆ.

ಶೇನ್ ವ್ಯಾನ್ ಗಿಸ್‌ಬರ್ಗನ್ ನ್ಯೂಜಿಲೆಂಡಿನವರು. 2016, 2021, 2022ರಲ್ಲಿ ಸೂಪರ್‌ಕಾರ್ಸ್ ಗೆದ್ದರು. 2023ರ ಜುಲೈನಲ್ಲಿ ಶಿಕಾಗೋ ಬೀದಿ ಟ್ರ್ಯಾಕ್‌ನಲ್ಲಿ ಅಮೆರಿಕದ ದೊಡ್ಡ ಕಾರ್ ರೇಸ್ ಸರಣಿಯಾದ ನಾಸ್ಕಾರ್ ಕಪ್‌ನ ಒಂದೇ ಒಂದು ರೇಸಿಗೆ ಅಂತ ಹೋದರು. ಗೆದ್ದೇಬಿಟ್ಟರು. ಕಪ್ ಸರಣಿಯ ಮೊದಲ ರೇಸಲ್ಲೇ ಗೆದ್ದವರು ಅದಕ್ಕೂ ಹಿಂದೆ ಇದ್ದದ್ದು 1963ರಲ್ಲಿ. ಅಷ್ಟಾದರೂ ನೇರವಾಗಿ ಕಪ್‌ಗೆ ಹೋಗಲಿಲ್ಲ. 2024ರಲ್ಲಿ ಒಂದು ಮೆಟ್ಟಿಲು ಕೆಳಗಿನ ಸರಣಿಯಲ್ಲಿ ಪೂರ್ತಿ ವರ್ಷ ಓಡಿಸಿದರು. 2025ರಲ್ಲಿ ಕಪ್‌ಗೆ ಬಂದು ಐದು ರೇಸ್ ಗೆದ್ದರು. ಆ ಐದೂ ಎಡ ಬಲ ತಿರುವಿರುವ ಟ್ರ್ಯಾಕ್‌ಗಳು. ಬರೀ ಎಡಕ್ಕೆ ಸುತ್ತುವ ಓವಲ್‌ಗಳಲ್ಲಿ ಹೆಣಗಾಡಿದರು. ಮೂರು ಸಲದ ಚಾಂಪಿಯನ್ ಕೂಡ ಹೊಸ ಜಾತಿಯ ಟ್ರ್ಯಾಕ್‌ನಲ್ಲಿ ಅ ಆ ಇ ಈ ಇಂದಲೇ ಶುರು ಮಾಡಬೇಕು.

ಸ್ಕಾಟ್ ಮೆಕ್‌ಲಾಕ್ಲಿನ್ 2018, 2019, 2020ರಲ್ಲಿ ಸತತ ಮೂರು ಸಲ ಗೆದ್ದವರು. 2021ರಿಂದ ಇಂಡಿಕಾರ್‌ಗೆ ಹೋದರು. ಮೈಮೇಲೆ ಚಾವಣಿ ಇದ್ದ ಕಾರಿನಿಂದ ತೆರೆದ ಚಕ್ರದ ಕಾರಿಗೆ! ಆ ವರ್ಷ ಹೊಸಬರಲ್ಲಿ ಉತ್ತಮ ಅನ್ನುವ ಪ್ರಶಸ್ತಿ ಬಂತು, ಮೊದಲ ಗೆಲುವು 2022ರಲ್ಲಿ. ಇಲ್ಲಿ ಗಮನಿಸಬೇಕಾದ ವಿಷಯ ಬೇರೆ. ಆಸ್ಟ್ರೇಲಿಯಾದಲ್ಲಿ ಅವರು ಗೆದ್ದ ಟೀಮಿನಲ್ಲಿ ಅಮೆರಿಕದ ದೊಡ್ಡ ರೇಸ್ ಟೀಮ್ ಮಾಲೀಕ ಪೆನ್ಸ್‌ಕೆ ಪಾಲು ಇತ್ತು. ಅಮೆರಿಕದಲ್ಲಿ ಸೀಟು ಕೊಟ್ಟದ್ದೂ ಅದೇ ಪೆನ್ಸ್‌ಕೆ. ಗೊತ್ತಿದ್ದ ಮಾಲೀಕರೇ ಕರೆದುಕೊಂಡು ಹೋದರು.

ಮೂರನೆಯವರು ಮಾರ್ಕಸ್ ಆಂಬ್ರೋಸ್. 2003 ಮತ್ತು 2004ರ ಚಾಂಪಿಯನ್. 2006ರಲ್ಲಿ ಅಮೆರಿಕಕ್ಕೆ ಹೋಗಿ ಶುರು ಮಾಡಿದ್ದು ಅಲ್ಲಿನ ಪಿಕಪ್ ಟ್ರಕ್ ರೇಸಿಂಗ್‌ನಿಂದ. ಕಪ್‌ನಲ್ಲಿ ಮೊದಲ ಗೆಲುವು ಬಂದದ್ದು 2011ರಲ್ಲಿ, ವಾಟ್ಕಿನ್ಸ್ ಗ್ಲೆನ್‌ನಲ್ಲಿ. ಮರುವರ್ಷ ಅಲ್ಲೇ ಇನ್ನೊಂದು. ಎರಡು ಸಲ ಚಾಂಪಿಯನ್ ಆದವನಿಗೆ ಕಪ್‌ನ ಒಂದು ಗೆಲುವಿಗೆ ಐದು ವರ್ಷ ಕಾಯುವ ತಾಳ್ಮೆ ಬೇಕಾಯಿತು. ನಮ್ಮ ಹುಡುಗರಿಗೆ ಎಲ್ಲಕ್ಕಿಂತ ಮೊದಲು ಹೇಳಬೇಕಾದ ಕತೆ ಇದು. ಎಲ್ಲರೂ ಹೇಳುವುದು ಶಿಕಾಗೋ ಕತೆ.

ನಮ್ಮ ದೇಶದವರು?

ನರೇನ್ ಕಾರ್ತಿಕೇಯನ್ ಎಲ್ಲರಿಗೂ ಗೊತ್ತು. 2005ರಲ್ಲಿ ಫಾರ್ಮುಲಾ ಒನ್, ಆಮೇಲೆ ಜಪಾನ್. 2019ರಲ್ಲಿ ಅಲ್ಲಿನ ಸೂಪರ್ ಜಿಟಿ ಸರಣಿಯ ಕಾರಿನಲ್ಲಿ ಫುಜಿಯಲ್ಲಿ ಗೆದ್ದರು. ಬೆಂಗಳೂರಿನ ಅರ್ಜುನ್ ಮೈನಿ 2021ರಲ್ಲಿ ಜರ್ಮನಿಯ ಡಿಟಿಎಂ ರೇಸ್ ಸರಣಿಗೆ ಹೋದ ಮೊದಲ ಭಾರತೀಯ. ಬೆಂಗಳೂರಿನವರೇ ಆದ ಅಖಿಲ್ ರಬೀಂದ್ರ ಯುರೋಪಿನಲ್ಲಿ ಜಿಟಿ4 ಅನ್ನುವ ಸ್ಪೋರ್ಟ್ಸ್ ಕಾರು ಓಡಿಸಿದರು. ರ‍್ಯಾಲಿಯಲ್ಲಿ ಗೌರವ್ ಗಿಲ್ ಏಷ್ಯಾ ಪೆಸಿಫಿಕ್ ಚಾಂಪಿಯನ್ ಆಗಿ, 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು.

ಒಂದು ವ್ಯತ್ಯಾಸ ಇದೆ. ನರೇನ್, ಮೈನಿ ಥರದವರು ಚಿಕ್ಕ ವಯಸ್ಸಿಗೇ ಫಾರ್ಮುಲಾ ಕಾರು ಹತ್ತಿ, ಹೊರದೇಶದಲ್ಲೇ ಬೆಳೆದವರು. ಇಲ್ಲಿ ಟೂರಿಂಗ್ ಕಾರಿನಲ್ಲೇ ಬೆಳೆದು, ಇಲ್ಲೇ ಗೆದ್ದು, ಆಮೇಲೆ ಹೊರಟವನಿಗೆ ಅವರ ದಾರಿ ಸರಿಹೊಂದುವುದಿಲ್ಲ. ಅವರ ಹೆಸರು ಹೇಳಿ ಹುಡುಗನನ್ನು ಕೆರಳಿಸಬೇಡಿ.

ಅಜಿತ್ ಹೋಗಿಲ್ವಾ ದುಬೈಗೆ?

ಹೋಗಿದ್ದಾರೆ. 2025ರ ಜನವರಿಯಲ್ಲಿ ದುಬೈ 24 ಗಂಟೆ ರೇಸಿನಲ್ಲಿ ಅವರ ಟೀಮ್ ತನ್ನ ಕ್ಲಾಸ್‌ನಲ್ಲಿ ಮೂರನೇ ಸ್ಥಾನ ಪಡೆಯಿತು. ಸಂತೋಷದ ವಿಷಯ. ಆದರೆ ಸಿನಿಮಾ ಸ್ಟಾರ್‌ಗೆ ಸ್ಪಾನ್ಸರ್ ತಾವಾಗಿ ಬರುತ್ತಾರೆ, ಬಳ್ಳಾರಿಯ ಕೌಲ್ ಬಜಾರ್ ಹುಡುಗನಿಗೆ ಬರಲ್ಲ.

ಹಾಗಾದರೆ ಎಲ್ಲಿಗೆ ಹೋಗಬೇಕು? ಇಂಗ್ಲೆಂಡೇ ದೊಡ್ಡದು ಅಂತಾರೆ.

ದೊಡ್ಡದೇ. ಅದಕ್ಕೇ ಅಲ್ಲಿಂದ ಶುರು ಮಾಡಬೇಡಿ ಅನ್ನುವುದು.

ನನ್ನ ಆಯ್ಕೆ ಮಲೇಷ್ಯಾ ಇಲ್ಲವೇ ಥಾಯ್ಲೆಂಡ್. ಸೆಪಾಂಗ್ ಟ್ರ್ಯಾಕ್ 5.543 ಕಿ.ಮೀ. ಉದ್ದ. ನಮ್ಮ ಚೆನ್ನೈನದು 3.7, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಎರಡು ಕಿ.ಮೀ.ಗೆ ಸ್ವಲ್ಪ ಜಾಸ್ತಿ. ಸೆಪಾಂಗ್‌ನಲ್ಲಿ ಎರಡು ಉದ್ದನೆಯ ನೇರ ದಾರಿ, ಅವುಗಳ ಕೊನೆಗೆ ಗಟ್ಟಿ ಬ್ರೇಕ್. ಓವರ್‌ಟೇಕ್ ಕಲಿಯೋಕೆ ಹೇಳಿ ಮಾಡಿಸಿದ ಜಾಗ. ಅಲ್ಲಿ ನಡೆಯುವ ಸೆಪಾಂಗ್ 1000 ಕಿ.ಮೀ. ರೇಸಿನಲ್ಲಿ ಒಂದು ಕಾರನ್ನು ಇಬ್ಬರು ಮೂವರು ಹಂಚಿಕೊಂಡು ಓಡಿಸುತ್ತಾರೆ. ಖರ್ಚೂ ಹಂಚಿಹೋಗುತ್ತದೆ. ಅಲ್ಲಿನ ಹಳೆಯ ಚಾಲಕನೊಬ್ಬ ಅದೇ ಕಾರಿನಲ್ಲಿ ಎಷ್ಟು ಲ್ಯಾಪ್ ಟೈಮ್ ಮಾಡಿದ ಅಂತ ನೇರ ಹೋಲಿಕೆ ಸಿಗುತ್ತದೆ. ಇದಕ್ಕಿಂತ ನಿಷ್ಠುರ ಪರೀಕ್ಷೆ ಇಲ್ಲ. ಅರ್ಧ ಸೆಕೆಂಡ್ ಒಳಗೆ ಇದ್ದರೆ ಮುಂದಿನ ಮಾತು ಆಡಬಹುದು. ಎರಡು ಸೆಕೆಂಡ್ ಹಿಂದೆ ಇದ್ದರೆ ದುಡ್ಡು ಉಳಿಯಿತು ಅಂದುಕೊಳ್ಳಿ.

ಥಾಯ್ಲೆಂಡಿನ ಬುರಿರಾಮ್ ಟ್ರ್ಯಾಕ್ ಕೂಡ ಒಳ್ಳೆಯದು, 4.55 ಕಿ.ಮೀ. ಚಳಿಗಾಲದಲ್ಲಿ ದುಬೈ. ಟಿಸಿಆರ್ ಏಷ್ಯಾ ಸರಣಿ ಎರಡನೇ ವರ್ಷಕ್ಕೆ. ನ್ಯೂರ್‌ಬರ್ಗ್‌ರಿಂಗ್ 24 ಗಂಟೆ ಬೇಕು ಅನ್ನುವವರು ಬಹಳ ಜನ. ಅದು ಒಂದು ಸುತ್ತಿಗೆ 25 ಕಿ.ಮೀ. ಇರುವ ಟ್ರ್ಯಾಕ್. ಅಲ್ಲಿ ಓಡಿಸಲು ಬೇರೆಯೇ ಪರ್ಮಿಟ್ ಬೇಕು. ಸಣ್ಣ ರೇಸ್‌ಗಳಲ್ಲಿ ಓಡಿ ಅದನ್ನು ಸಂಪಾದಿಸಬೇಕು. ಮೊದಲ ವರ್ಷದ ಮಾತಲ್ಲ.

ಮಕಾವು ಬೀದಿ ರೇಸ್ ನೋಡಲು ಚೆಂದ. ಎರಡೂ ಕಡೆ ಗೋಡೆ. ಬೇರೆಯವರ ಕಾರು ಬಾಡಿಗೆಗೆ ತಗೊಂಡು ಅಲ್ಲಿಗೆ ಹೋಗುವವರಿಗೆ ನನ್ನ ನಮಸ್ಕಾರ.

ಖರ್ಚು ಎಷ್ಟು? ಹೊಲ ಮಾರಬೇಕಾ?

ಹೊಲ ಮಾರಬೇಡಿ. ಇದನ್ನು ದೊಡ್ಡ ಅಕ್ಷರದಲ್ಲಿ ಓದಿಕೊಳ್ಳಿ.

ಒಂದು ಅಂದಾಜು ಕೊಡುತ್ತೇನೆ. ಹ್ಯುಂಡೈ ಐ30 ಎನ್ ಟಿಸಿಆರ್ ಕಾರು ಮಾರಾಟಕ್ಕೆ ಬಂದಾಗ ಬೆಲೆ ಸುಮಾರು 1.28 ಲಕ್ಷ ಯೂರೊ. ಬರೀ ಕಾರು. ಟೈರ್, ಬಿಡಿಭಾಗ, ಮೆಕ್ಯಾನಿಕ್‌ಗಳ ಸಂಬಳ, ಸಾಗಾಟ ಎಲ್ಲ ಬೇರೆ. ಹಾಗಾಗಿ ಕಾರು ಕೊಳ್ಳುವ ಮಾತೇ ಬೇಡ. ಹೊಸಬರು ಮಾಡುವುದು ಟೀಮಿನ ಕಾರನ್ನು ರೇಸಿಗೆ ಇಷ್ಟು ಅಂತ ಬಾಡಿಗೆಗೆ ತಗೊಳ್ಳುವುದು. ಒಪ್ಪಂದದಲ್ಲಿ ಕಣ್ಣಿಟ್ಟು ನೋಡಬೇಕಾದದ್ದು ಡ್ಯಾಮೇಜ್ ಸಾಲು. ಕಾರಿಗೆ ಪೆಟ್ಟಾದರೆ ಎಷ್ಟರವರೆಗೆ ನಿಮ್ಮ ಹೊಣೆ? ತಪ್ಪು ಬೇರೆಯವನದಾದರೆ? ಎಂಜಿನ್ ತಾನಾಗಿ ಕೆಟ್ಟರೆ? ಬಾಡಿಗೆ ಕಡಿಮೆ ಹೇಳಿ ಡ್ಯಾಮೇಜ್‌ನಲ್ಲಿ ವಸೂಲಿ ಮಾಡುವವರಿದ್ದಾರೆ.

ನನಗೆ ಗೊತ್ತಿರುವ ಒಬ್ಬ ಹುಡುಗ ಏಜೆಂಟನ ಮಾತು ನಂಬಿ ಅಡ್ವಾನ್ಸ್ ಕಳಿಸಿದ. ಹೋಗಿ ನೋಡಿದರೆ ಅವನಿಗೆ ಹೇಳಿದ್ದ ಕಾರಿನಲ್ಲಿ ಆಗಲೇ ಇನ್ನೊಬ್ಬ ಕೂತಿದ್ದ. ದುಡ್ಡು ಇವತ್ತಿಗೂ ಬಂದಿಲ್ಲ. ಟೀಮ್ ಮಾಲೀಕರ ಜೊತೆ ನೇರ ಮಾತಾಡದೆ, ವಿಡಿಯೊ ಕಾಲ್‌ನಲ್ಲಿ ಗ್ಯಾರೇಜ್ ನೋಡದೆ ಒಂದು ರೂಪಾಯಿ ಕಳಿಸಬೇಡಿ.

ದುಡ್ಡು ಕಳಿಸುವಾಗ ಇನ್ನೊಂದು. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಒಬ್ಬ ವ್ಯಕ್ತಿ ವರ್ಷಕ್ಕೆ 2.5 ಲಕ್ಷ ಡಾಲರ್ ವರೆಗೆ ಹೊರಗೆ ಕಳಿಸಬಹುದು. 2025ರ ಏಪ್ರಿಲ್‌ನಿಂದ, ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕ್ 20% ಟಿಸಿಎಸ್ ಅನ್ನುವ ತೆರಿಗೆ ಹಿಡಿಯುತ್ತದೆ. ಓದು, ಆಸ್ಪತ್ರೆ ಖರ್ಚಿಗೆ ಇರುವ ರಿಯಾಯಿತಿ ರೇಸಿಂಗಿಗೆ ಇಲ್ಲ. ರಿಟರ್ನ್ಸ್ ಹಾಕಿದಾಗ ಅದು ತೆರಿಗೆಗೆ ಜಮೆಯಾಗುತ್ತದೆ ಇಲ್ಲವೇ ವಾಪಸ್ ಬರುತ್ತದೆ, ಆದರೆ ಸೀಸನ್ ಮಧ್ಯದಲ್ಲಿ ಆ ದುಡ್ಡು ಕೈಯಲ್ಲಿ ಇರುವುದಿಲ್ಲ. ಮೊದಲೇ ಆಡಿಟರ್ ಹತ್ತಿರ ಕೂತು ಲೆಕ್ಕ ಹಾಕಿಸಿ.

ಮೈನಿಂಗ್ ಜೋರಿದ್ದ ಕಾಲದಲ್ಲಿ ನಮ್ಮೂರಲ್ಲಿ ಇಂಥ ಪ್ರಶ್ನೆ ಯಾರೂ ಕೇಳುತ್ತಿರಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದಾಗ ಸಾಲದಲ್ಲಿ ತಗೊಂಡ ಲಾರಿಗಳು ಸಾಲಾಗಿ ನಿಂತದ್ದನ್ನು ನೋಡಿದವರಿಗೆ, ಇವತ್ತಿನ ಗಳಿಕೆ ನಂಬಿ ಐದು ವರ್ಷದ ಖರ್ಚು ಒಪ್ಪಿಕೊಳ್ಳುವುದು ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಟೀಮ್‌ನವರೇ ಸಂಬಳ ಕೊಡಲ್ವಾ? ಚಾಂಪಿಯನ್ ಅಲ್ವಾ?

ಇಂಡಿಯಾದ ಚಾಂಪಿಯನ್ ಅನ್ನುವುದಕ್ಕೆ ಅಲ್ಲಿ ಸಂಬಳ ಸಿಗಲ್ಲ, ಸಿಗುವುದು ಕಾರು ಓಡಿಸಿ ತೋರಿಸುವ ಟೆಸ್ಟ್ ದಿನ. ಅದಕ್ಕೂ ಬಹಳ ಸಲ ದುಡ್ಡು ಕೊಡಬೇಕು.

ಇಷ್ಟೊಂದು ಉಕ್ಕಿನ ಕಾರ್ಖಾನೆ ಇವೆ. ಸಿಎಸ್‌ಆರ್ ದುಡ್ಡು, ಅಂದರೆ ಕಂಪನಿಗಳು ಸಮಾಜಕ್ಕೆ ಅಂತ ಖರ್ಚು ಮಾಡುವ ದುಡ್ಡು ಕೇಳಬಹುದಲ್ಲ?

ತೋರಣಗಲ್ಲಿನಿಂದ ಕೊಪ್ಪಳದ ಗಿಣಿಗೇರಿ ತನಕ ಚಿಮಣಿ ನೋಡಿದವರೆಲ್ಲ ಇದನ್ನು ಕೇಳುತ್ತಾರೆ. ಕಾರಿನ ಮೇಲೆ ಕಂಪನಿ ಹೆಸರು ಬರೆಸಿ ದುಡ್ಡು ಪಡೆದರೆ ಅದು ಪ್ರಚಾರ. ಪ್ರಚಾರದ ಲಾಭಕ್ಕೆ ಕೊಡುವ ಸ್ಪಾನ್ಸರ್‌ಶಿಪ್ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ ಅಂತ ನಿಯಮವೇ ಇದೆ. ದೇಶದ ಹೊರಗೆ ಮಾಡುವ ಖರ್ಚೂ ಸಾಮಾನ್ಯವಾಗಿ ಬರುವುದಿಲ್ಲ. ಒಂದು ವಿನಾಯಿತಿ ಉಂಟು: ರಾಷ್ಟ್ರ ಮಟ್ಟದಲ್ಲಿ ರಾಜ್ಯವನ್ನು, ಅಂತರರಾಷ್ಟ್ರೀಯ ಮಟ್ಟದಲ್ಲಿ ದೇಶವನ್ನು ಪ್ರತಿನಿಧಿಸುವ ಆಟಗಾರರ ತರಬೇತಿ. ಖಾಸಗಿ ಟೀಮಿಗೆ ಓಡಿಸುವವನು ಇದರೊಳಗೆ ಬರುತ್ತಾನೆ ಅಂತ ಕಂಪನಿಯನ್ನು ಒಪ್ಪಿಸುವುದು ಕಷ್ಟ.

ಅದರ ಬದಲು ಮಾರ್ಕೆಟಿಂಗ್ ವಿಭಾಗಕ್ಕೆ ಹೋಗಿ. ಟೈರ್ ಡೀಲರ್, ಆಯಿಲ್ ಕಂಪನಿ, ಬಳ್ಳಾರಿಯ ಜೀನ್ಸ್ ತಯಾರಕರು. ಜೀನ್ಸ್‌ನವರ ಬಗ್ಗೆ ತಮಾಷೆ ಮಾಡುತ್ತಿಲ್ಲ. ಮಲೇಷ್ಯಾ, ದುಬೈನಲ್ಲಿ ಮಾರುಕಟ್ಟೆ ಹುಡುಕುವವರಿಗೆ ಅಲ್ಲೇ ಓಡುವ ಕಾರು ಒಂದು ಬೋರ್ಡ್ ಇದ್ದ ಹಾಗೆ. ಅವರಿಗೆ ಟ್ರೋಫಿ ತೋರಿಸಬೇಡಿ. ರೇಸಿನ ನೇರ ಪ್ರಸಾರ ಎಲ್ಲಿ ಬರುತ್ತದೆ, ಎಷ್ಟು ವಿಡಿಯೊ ಮಾಡಿ ಕೊಡುತ್ತೀರಿ ಅಂತ ಹೇಳಿ.

ಮಗನಿಗೆ 28 ಆಯಿತು. ತಡ ಆಯ್ತಾ?

ಫಾರ್ಮುಲಾ ಒನ್‌ಗೆ ತಡ. ಟೂರಿಂಗ್ ಕಾರಿಗೆ ಅಲ್ಲವೇ ಅಲ್ಲ. ಇಟಲಿಯ ಗೇಬ್ರಿಯೆಲ್ ತಾರ್ಕ್ವಿನಿ 2009ರಲ್ಲಿ ವಿಶ್ವ ಟೂರಿಂಗ್ ಕಾರ್ ಚಾಂಪಿಯನ್ ಆದಾಗ ಅವರಿಗೆ 47 ವರ್ಷ. 2018ರಲ್ಲಿ ಟಿಸಿಆರ್ ವಿಶ್ವಕಪ್ ಗೆದ್ದಾಗ 56. ಬ್ರೇಕ್ ಎಲ್ಲಿ ಹಾಕಬೇಕು, ಟೈರ್ ಹೇಗೆ ಉಳಿಸಬೇಕು ಅನ್ನುವುದು ವರ್ಷ ಕಳೆದಂತೆ ಗಟ್ಟಿಯಾಗುತ್ತದೆ.

ಇನ್ನೊಂದು ದಾರಿ ಇದೆ, ನಮ್ಮಲ್ಲಿ ಯಾರೂ ಯೋಚಿಸುವುದಿಲ್ಲ. ಜಿಟಿ ಮತ್ತು ಉದ್ದದ ರೇಸ್‌ಗಳಲ್ಲಿ ಎಫ್‌ಐಎ (ವಿಶ್ವ ಮೋಟಾರ್ ಕ್ರೀಡಾ ಸಂಸ್ಥೆ) ಚಾಲಕರನ್ನು ಪ್ಲಾಟಿನಂ, ಗೋಲ್ಡ್, ಸಿಲ್ವರ್, ಬ್ರಾಂಜ್ ಅಂತ ವಿಂಗಡಿಸುತ್ತದೆ. ದುಡ್ಡಿರುವ ಹವ್ಯಾಸಿ ಸಾಮಾನ್ಯವಾಗಿ ಬ್ರಾಂಜ್. ಅವನಿಗೆ ಜೊತೆಗೆ ಒಬ್ಬ ವೇಗದ ಸಿಲ್ವರ್ ಚಾಲಕ ಬೇಕು. ಕಾರು ಒಡೆಯದೆ, ಕೆಲಸ ಕಲಿಸುತ್ತಾ, ವೇಗವಾಗಿ ಓಡಿಸುವವನಿಗೆ ಅಲ್ಲಿ ಖರ್ಚಿಲ್ಲದೆ ಸೀಟು ಸಿಗುವ ಸಾಧ್ಯತೆ ಇದೆ. ಚಾಂಪಿಯನ್ ಹುಡುಗ ಸೊಕ್ಕು ಬಿಟ್ಟರೆ, ಹೊಟ್ಟೆಪಾಡಿಗೆ ಇದು ಟೂರಿಂಗ್ ಕಾರಿಗಿಂತ ಒಳ್ಳೆಯ ದಾರಿ ಅಂತ ನನ್ನ ಅನಿಸಿಕೆ.

ಲೈಸೆನ್ಸ್, ಕಾಗದ ಪತ್ರ?

ಎಫ್‌ಎಂಎಸ್‌ಸಿಐ (ನಮ್ಮ ದೇಶದ ಮೋಟಾರ್ ಕ್ರೀಡಾ ಒಕ್ಕೂಟ) ಕೊಡುವ ಅಂತರರಾಷ್ಟ್ರೀಯ ಲೈಸೆನ್ಸ್, ಹೊರಗೆ ಓಡಿಸಲು ಅವರ ಒಪ್ಪಿಗೆ, ಮೆಡಿಕಲ್. ಹೆಲ್ಮೆಟ್, ಸೂಟ್, ಕತ್ತು ಕಾಯುವ ಹ್ಯಾನ್ಸ್ ಎಲ್ಲವೂ ಎಫ್‌ಐಎ ಮುದ್ರೆ ಇರುವವು, ಅವಧಿ ಮುಗಿಯದವು. ವೀಸಾ ಹಾಕುವಾಗ ರೇಸಿಗೆ ಹೋಗುತ್ತಿದ್ದೇನೆ ಅಂತಲೇ ಬರೆಯಿರಿ.

ಬಳ್ಳಾರಿಯಲ್ಲಿ ಟ್ರ್ಯಾಕೇ ಇಲ್ಲ. ತಯಾರಿ ಹೇಗೆ?

ಸಿಮ್ಯುಲೇಟರ್, ಅಂದರೆ ಸ್ಟೀರಿಂಗ್, ಪೆಡಲ್ ಇಟ್ಟು ಪರದೆಯ ಮೇಲೆ ಟ್ರ್ಯಾಕ್ ಓಡಿಸುವ ಯಂತ್ರ. ಸೆಪಾಂಗ್, ಬುರಿರಾಮ್ ಎಲ್ಲ ಅದರಲ್ಲಿ ಸಿಗುತ್ತವೆ. ಯಾವ ತಿರುವಿಗೆ ಯಾವ ಗೇರ್ ಅಂತ ಮನೆಯಲ್ಲೇ ಕಲಿತು ಹೋದರೆ ಮೊದಲ ಪ್ರಾಕ್ಟೀಸ್ ವ್ಯರ್ಥ ಆಗಲ್ಲ. ಬ್ರೇಕ್ ಪೆಡಲ್ ಒಳ್ಳೆಯದಿರಲಿ, ಉಳಿದದ್ದು ಹೇಗಿದ್ದರೂ ನಡೆಯುತ್ತದೆ. ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ಕಾರ್ಟಿಂಗ್ ಮಾಡಲಿ.

ಬಿಸಿಲಿನ ವಿಷಯಕ್ಕೆ ಬಂದರೆ, ನಮ್ಮ ಹುಡುಗರು 'ಬಳ್ಳಾರಿ ಬಿಸಿಲು ಕಂಡವರು ನಾವು' ಅಂತ ಎದೆ ತಟ್ಟುತ್ತಾರೆ. ನಮ್ಮದು ಒಣ ಬಿಸಿಲು, ಬೆವರು ಬೇಗ ಆರುತ್ತದೆ. ಸೆಪಾಂಗ್‌ನದು ಒದ್ದೆ ಸೆಕೆ. ಮೂರು ಪದರದ ಸೂಟಿನೊಳಗೆ ಬೆವರು ಆರುವುದೇ ಇಲ್ಲ, ಮೈ ತಣ್ಣಗಾಗಲ್ಲ. ರೇಸಿಗೆ ಮೂರು ನಾಲ್ಕು ದಿನ ಮೊದಲೇ ಹೋಗಿ ಅಲ್ಲಿ ಓಡಿ, ನಡೆದು ಮೈ ಒಗ್ಗಿಸಿಕೊಳ್ಳಬೇಕು.

ರಾತ್ರಿ ಹೊಸಪೇಟೆ ಹೈವೇಯಲ್ಲಿ ಪ್ರಾಕ್ಟೀಸ್ ಮಾಡಿದರೆ?

ಇಲ್ಲ. ಅದಿರಿನ ಲಾರಿ, ಲೈಟಿಲ್ಲದ ಟ್ರ್ಯಾಕ್ಟರ್ ಓಡುವ ರಸ್ತೆ ಅದು. ಮಾಡುವವನ ಜೊತೆ ನಾನು ಕೆಲಸ ಮಾಡಲ್ಲ.

ಅಣ್ಣ, ನಾನು ತಾಯಿ ಕೇಳ್ತಿದ್ದೀನಿ. ಜೀವಕ್ಕೆ ಅಪಾಯ ಇಲ್ವಾ?

ಇದೆ ಅಮ್ಮಾ. ಇಲ್ಲ ಅಂದರೆ ಸುಳ್ಳು. ಆದರೆ ಕೇಜ್, ಆರು ಕಡೆ ಬಿಗಿಯುವ ಬೆಲ್ಟ್, ಕತ್ತು ಕಾಯುವ ಹ್ಯಾನ್ಸ್, ಟ್ರ್ಯಾಕ್ ಪಕ್ಕದಲ್ಲೇ ಡಾಕ್ಟರ್, ಇವೆಲ್ಲ ಇರುವ ಜಾಗದಲ್ಲಿ ಅವನು ಓಡಿಸುತ್ತಾನೆ. ನೀವು ಅವನನ್ನು ಕೇಳಬೇಕಾದದ್ದು ಇನ್ಶೂರೆನ್ಸ್. ನಮ್ಮಲ್ಲಿ ಮಾಡಿಸುವ ಸಾಮಾನ್ಯ ಪಾಲಿಸಿಗಳಲ್ಲಿ ರೇಸಿಂಗ್ ಅಪಘಾತ ಹೊರಗಿಟ್ಟಿರುತ್ತಾರೆ. ರೇಸಿಂಗ್ ಸೇರಿದ, ಹೊರದೇಶದ ಆಸ್ಪತ್ರೆ ಖರ್ಚು ಕೊಡುವ ಪಾಲಿಸಿ ತೋರಿಸು, ಆಮೇಲೆ ಹೊರಡು ಅನ್ನಿ.

ಸೋತು ವಾಪಸ್ ಬಂದರೆ ಮರ್ಯಾದೆ ಹೋಗಲ್ವಾ?

ಮರ್ಯಾದೆ ಹೋಗಲ್ಲ, ಸೀಟು ಹೋಗಬಹುದು. ಆಂಬ್ರೋಸ್ 2015ರಲ್ಲಿ ಆಸ್ಟ್ರೇಲಿಯಾಕ್ಕೆ ವಾಪಸ್ ಬಂದರು. ಅಷ್ಟರಲ್ಲಿ ಕಾರು ಬದಲಾಗಿತ್ತು. ಸೀಸನ್ ಶುರುವಾದ ಕೆಲವೇ ವಾರಗಳಲ್ಲಿ ಪೂರ್ತಿ ವರ್ಷದ ಸೀಟು ಇನ್ನೊಬ್ಬರಿಗೆ ಬಿಟ್ಟುಕೊಟ್ಟರು. ತಾನು ಬಿಟ್ಟುಹೋದ ಜಾಗ ಹಾಗೇ ಕಾದಿರುತ್ತದೆ ಅಂತ ಯಾರೂ ಅಂದುಕೊಳ್ಳಬಾರದು. ಮೊದಲ ವರ್ಷ ಎರಡೂ ಕಡೆ ಓಡಿಸಲಿ ಅಂದದ್ದು ಇದಕ್ಕೇ. ದಿನಾಂಕ ಒಂದಕ್ಕೊಂದು ಬಡಿದರೆ ಇಲ್ಲಿನ ಒಂದು ರೇಸ್ ಬಿಡಲಿ, ಟೈಟಲ್ ಹೋದರೂ ಪರವಾಗಿಲ್ಲ, ಟೀಮಿನ ಜೊತೆ ಸಂಬಂಧ ಉಳಿಯುತ್ತದೆ.

ಹೊರಗಿನ ಟೀಮಿಗೆ ಮೊದಲ ಮೇಲ್‌ನಲ್ಲಿ ಏನು ಬರೆಯಬೇಕು?

ಐದಾರು ಸಾಲು ಸಾಕು. ಹೆಸರು, ವಯಸ್ಸು, ಲೈಸೆನ್ಸ್ ಗ್ರೇಡ್, ಗೆದ್ದ ಚಾಂಪಿಯನ್‌ಶಿಪ್, ಯಾವ ಕಾರಿನಲ್ಲಿ. ಒಂದು ರೇಸಿಗೆ ಎಷ್ಟು ದುಡ್ಡು ಹಾಕಬಲ್ಲೆ ಅಂತ ನೇರವಾಗಿ ಬರೆಯಬೇಕು, ಮುಚ್ಚಿಟ್ಟರೆ ಉತ್ತರವೇ ಬರಲ್ಲ. ಒಂದು ಪೂರ್ತಿ ಲ್ಯಾಪ್‌ನ ಒಳಗಿನ ಕ್ಯಾಮೆರಾ ವಿಡಿಯೊ, ಅದೇ ಲ್ಯಾಪ್‌ನ ಡೇಟಾ ಫೈಲ್ (ವೇಗ, ಬ್ರೇಕ್ ಎಲ್ಲ ದಾಖಲಾದದ್ದು) ಸೇರಿಸಿ. ಹಾರ ಹಾಕಿಸಿಕೊಂಡ ಫೋಟೊ ಬೇಡ. ಸೀಸನ್ ಮುಗಿದ ನವೆಂಬರ್, ಡಿಸೆಂಬರ್‌ನಲ್ಲಿ ಕಳಿಸಿ. ಮುಂದಿನ ವರ್ಷದ ಸೀಟುಗಳ ಮಾತು ಆಗ ನಡೆಯುತ್ತಿರುತ್ತದೆ, ಮಾರ್ಚ್‌ನಲ್ಲಿ ಕಳಿಸಿದರೆ ಉಳಿದಿರುವುದು ಯಾರಿಗೂ ಬೇಡದ ಕಾರು.